ಮಕ್ಕಳ ವೀಲ್‌ಚೇರಿಗೆ ಚಾರಿಟಿ ದುಡ್ಡು: ಎಲ್ಲಿಂದ ಬರತ್ತೆ, ಎಲ್ಲೆಲ್ಲಿ ಹೋಗತ್ತೆ

ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ಮಧ್ಯೆ ಎರಡು ಬೆರಳು ಹೋಗ್ಬೇಕು. ವೀಲ್‌ಚೇರ್ ಫಿಟ್ ಮಾಡೋರು ಮಗುನ ಕೂರಿಸಿದ ತಕ್ಷಣ ಕೈ ಹಾಕಿ ನೋಡೋ ಜಾಗಗಳಲ್ಲಿ ಇದೂ ಒಂದು. ಎರಡು ಬೆರಳು ಹೋಗ್ಲಿಲ್ಲ ಅಂದ್ರೆ ಸೀಟು ಉದ್ದ ಜಾಸ್ತಿ ಆಯ್ತು ಅಂತ, ಅಂಚು ಮೊಣಕಾಲಿನ ಹಿಂದೆ ಒತ್ತತ್ತೆ, ಆ ಒತ್ತಡ ತಪ್ಪಿಸ್ಕೊಳ್ಳೋಕೆ ಮಗು ಸೊಂಟ ಮುಂದಕ್ಕೆ ಜಾರಿಸ್ಕೊಂಡು ಕೂರತ್ತೆ, ಸೊಂಟ ಜಾರಿದ್ರೆ ಬೆನ್ನು ಗೂನಾಗತ್ತೆ, ಬೆನ್ನು ಗೂನಾದ್ರೆ ಎದುರಿಗಿರೋರ ಮುಖ ನೋಡೋಕೆ ಕತ್ತು ಹಿಂದಕ್ಕೆ ಮುರ್ಕೊಂಡ ಹಾಗೆ ಎತ್ಬೇಕು, ಹಾಗೆ ಕೂತ್ರೆ ನುಂಗೋದೂ ಕಷ್ಟ, ಉಸಿರಾಡೋದೂ ಕಷ್ಟ. ಇನ್ನು ನಾಲ್ಕೈದು ಬೆರಳು ಸಲೀಸಾಗಿ ಹೋಗತ್ತೆ ಅಂದ್ರೆ ಸೀಟು ಗಿಡ್ಡ, ತೊಡೆಗೆ ಆಧಾರ ಸಾಲದೆ ಭಾರ ಎಲ್ಲಾ ಕೂರೋ ಮೂಳೆಗಳ ಮೇಲೆ ಬೀಳತ್ತೆ, ಸ್ಪರ್ಶ ಗೊತ್ತಾಗದ ಮಕ್ಕಳಿಗೆ ಅಲ್ಲಿ ಚರ್ಮ ಸದ್ದಿಲ್ದೆ ಹುಣ್ಣಾಗತ್ತೆ.

ವೈಕಲ್ಯ ಇರೋ ಮಕ್ಕಳಿಗೆ, ಹದಿಹರೆಯದವ್ರಿಗೆ ಚಾರಿಟಿಗಳು ಸಲಕರಣೆ ಕೊಡಿಸ್ತಾರಲ್ಲ, ಆ ದುಡ್ಡಿನ ಲೆಕ್ಕ ಅರ್ಥ ಆಗ್ಬೇಕಂದ್ರೆ ಈ ಎರಡು ಬೆರಳಿಂದಾನೇ ಶುರು ಮಾಡ್ಬೇಕು ಅಂತ ನನಗೆ ಅರ್ಥ ಆಗಿದ್ದು ತಡವಾಗಿ. ನಾನು ಕೆಲವು ವರ್ಷ ಇಂಥದ್ದೇ ಒಂದು ಸಣ್ಣ ಟ್ರಸ್ಟಲ್ಲಿ ಅರ್ಜಿ ಓದೋ ಕಮಿಟೀಲಿದ್ದೆ. ಸೇರಿದ ಹೊಸದ್ರಲ್ಲಿ ನನ್ನ ತಲೇಲಿದ್ದ ಲೆಕ್ಕ ತುಂಬಾ ಸಿಂಪಲ್. ಮಗುಗೆ ಕುರ್ಚಿ ಬೇಕು, ಅವ್ರ ಹತ್ರ ದುಡ್ಡಿಲ್ಲ, ನಮ್ಮ ಹತ್ರ ಇದೆ, ಕೊಟ್ವಿ, ಮುಗೀತು.

ಮೊದಲ ವರ್ಷಾನೇ ಸರಿಯಾಗಿ ಪೆಟ್ಟು ಬಿತ್ತು. 7 ವರ್ಷದ ಹುಡುಗ, ಸೆರೆಬ್ರಲ್ ಪಾಲ್ಸಿ, ಅಂದ್ರೆ ಎಳವೇಲೇ ಮಿದುಳಿಗಾದ ತೊಂದ್ರೆಯಿಂದ ಕೈಕಾಲು, ಮೈ ಹಿಡಿತಕ್ಕೆ ಸಿಗದ ಸ್ಥಿತಿ. ಅರ್ಜೀಲಿ ಅಳತೆ ಎಲ್ಲಾ ನೀಟಾಗಿತ್ತು. ನಮ್ಮ ಮೀಟಿಂಗ್ ಒಂದು ಸಲ ಮುಂದಕ್ಕೆ ಹೋಯ್ತು, ಆಮೇಲೆ ದುಡ್ಡು ಕೊಡ್ತೀನಿ ಅಂದಿದ್ದೋರ ಚೆಕ್ ಲೇಟಾಯ್ತು, ಆರ್ಡರ್ ಹಾಕಿದ್ಮೇಲೆ ಸಪ್ಲೈಯರ್ ಹತ್ರ ಆ ಸೈಜ್ ಸ್ಟಾಕ್ ಇರ್ಲಿಲ್ಲ, ಹಂಗೂ ಹಿಂಗೂ ಕುರ್ಚಿ ಮನೆ ತಲುಪೋ ಹೊತ್ತಿಗೆ 11 ತಿಂಗಳು ಆಗಿತ್ತು. ನಾವು ಹೋಗಿ ಫೋಟೋ ಬೇರೆ ತೆಗೆಸ್ಕೊಂಡ್ವಿ. ಆರು ತಿಂಗಳು ಬಿಟ್ಟು ಮತ್ತೆ ಅವ್ರ ಮನೆಗೆ ಹೋದಾಗ ಕುರ್ಚಿ ಮೂಲೇಲಿತ್ತು, ಹ್ಯಾಂಡಲ್ ಮೇಲೆ ಒದ್ದೆ ಟವೆಲ್ಲು, ಸೀಟಿನ ಮೇಲೆ ಮಡಚಿಟ್ಟ ಬಟ್ಟೆ ರಾಶಿ, ಹುಡುಗ ಅಮ್ಮನ ತೊಡೆ ಮೇಲೆ. "ಕುರ್ಚಿ ಚೆನ್ನಾಗಿದೆ, ಇವ್ನೇ ಅದ್ರಲ್ಲಿ ಹಿಡಿಯಲ್ಲ" ಅಂದ್ರು ಅವ್ರು, ನಮಗೆ ಬೇಜಾರಾಗ್ಬಾರ್ದು ಅಂತ ನಗ್ತಾ. ನಮ್ಮ ರಿಜಿಸ್ಟರಲ್ಲಿ ಮಾತ್ರ ಆ ಫೈಲ್ ಮೇಲೆ 'ಪೂರ್ಣಗೊಂಡಿದೆ' ಅಂತ ಸೀಲು ಬಿದ್ದಿತ್ತು.

ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ಬಾರ್ದು ಅಂತಾರೆ. ಇಲ್ಲಿ ಮಾತ್ರ ಎಣಿಸ್ಲೇಬೇಕು, ತಗೊಳ್ಳೋರಿಗಿಂತ ಮೊದಲು ಕೊಡೋರೇ ಎಣಿಸ್ಬೇಕು.

ಸಲಕರಣೆ ಅಂದ ತಕ್ಷಣ ಎಲ್ಲರ ಕಣ್ಣಿಗೂ ವೀಲ್‌ಚೇರೇ ಬರತ್ತೆ, ನಾನೂ ಅದನ್ನೇ ಹಿಡ್ಕೊಂಡು ಬರೀತಿದೀನಿ, ಆದ್ರೆ ಅರ್ಜಿಗಳ ಕಟ್ಟು ಬಿಚ್ಚಿದ್ರೆ ಅದ್ರೊಳಗೆ ಒಂದು ಪ್ರಪಂಚಾನೇ ಇರತ್ತೆ. ತಾನಾಗಿ ನಿಲ್ಲೋಕಾಗದ ಮಗುನ ಬೆಲ್ಟು ಕಟ್ಟಿ ನಿಲ್ಲಿಸೋ ಸ್ಟ್ಯಾಂಡಿಂಗ್ ಫ್ರೇಮ್, ಕೂತ್ರೆ ಒಂದು ಕಡೆ ವಾಲೋ ಮಗುಗೆ ಸೈಡ್ ಸಪೋರ್ಟ್ ಇರೋ ಸ್ಪೆಷಲ್ ಸೀಟು, ಸ್ನಾನದ ಕುರ್ಚಿ, ದೊಡ್ಡವ್ರಾದ್ಮೇಲೆ ಹಾಸಿಗೆಯಿಂದ ಎತ್ತೋಕೆ ಹಾಯ್ಸ್ಟು, ಕಫ ಎಳೆಯೋ ಸಕ್ಷನ್ ಮಷೀನು, ಟ್ಯೂಬಲ್ಲಿ ಊಟ ಕೊಡೋ ಫೀಡಿಂಗ್ ಪಂಪು, ಹಿಯರಿಂಗ್ ಏಡ್, ಕಣ್ಣು ಯಾವ ಅಕ್ಷರದ ಕಡೆ ತಿರುಗ್ತು ಅಂತ ಹಿಡಿದು ಮಾತಾಡೋ ಟ್ಯಾಬ್ಲೆಟ್ಟು. ಹಾಯ್ಸ್ಟ್ ಅರ್ಜಿಗಳನ್ನ ನಮ್ಮಲ್ಲಿ ಕೆಲವ್ರು ಮೊದಮೊದಲು ಪಕ್ಕಕ್ಕಿಡ್ತಿದ್ರು, ಅದು ಅಪ್ಪ ಅಮ್ಮನ ಅನುಕೂಲಕ್ಕೆ, ಮಗುಗೆ ಅಲ್ವಲ್ಲ ಅಂತ. 40 ಕೆಜಿ ಇರೋ ಮಗುನ ದಿನಕ್ಕೆ ಎಂಟ್ಹತ್ತು ಸಲ ಎತ್ತೋ ಅಮ್ಮನ ಬೆನ್ನು ಹೋದ್ರೆ ಆ ಮಗು ಹಾಸಿಗೆ ಬಿಟ್ಟು ಏಳೋದೇ ನಿಲ್ಲತ್ತೆ ಅನ್ನೋದು ತಲೆಗೆ ಹೋಗೋಕೆ ನಮಗೆ ಎರಡ್ಮೂರು ಅರ್ಜಿ ಬೇಕಾಯ್ತು.

ಸರಿ, ಇಷ್ಟೊಂದು ದುಡ್ಡು ಯಾಕೆ ಬೇಕು? ಪೈಪು, ಚಕ್ರ, ಬಟ್ಟೆ, ಅಷ್ಟೇ ತಾನೆ ಅಂತ ಬಹಳ ಜನ ಕೇಳ್ತಾರೆ. ಆಸ್ಪತ್ರೆ ಕಾರಿಡಾರಲ್ಲಿ ಗೋಡೆಗೆ ಒರಗಿಸಿಟ್ಟಿರ್ತಾರಲ್ಲ, ಮಡಚೋ ಕುರ್ಚಿ, ಅದ್ರ ಮೂಲ 1930ರ ದಶಕದ್ದು, ಗಣಿ ಅಪಘಾತದಲ್ಲಿ ಬೆನ್ನು ಪೆಟ್ಟಾಗಿದ್ದ ಹರ್ಬರ್ಟ್ ಎವರೆಸ್ಟ್ ಮತ್ತೆ ಅವ್ರ ಇಂಜಿನಿಯರ್ ಸ್ನೇಹಿತ ಹ್ಯಾರಿ ಜೆನ್ನಿಂಗ್ಸ್ ಸೇರಿ ಕಾರಿನೊಳಗೆ ಹಾಕ್ಕೊಂಡು ಹೋಗೋ ಹಾಗೆ ಮಡಚೋ ಸ್ಟೀಲ್ ಕುರ್ಚಿ ಮಾಡಿದ್ರು. ಒಳ್ಳೆ ಐಡಿಯಾನೇ, ಆದ್ರೆ ಇವತ್ತು ಕಾರಿಡಾರಲ್ಲಿ ನಿಂತಿರೋ ಆ ಕುರ್ಚಿ ಇರೋದು ಯಾರನ್ನಾದ್ರೂ ವಾರ್ಡಿಂದ ಎಕ್ಸ್‌ರೇ ರೂಮಿಗೆ ಹತ್ತು ನಿಮಿಷ ತಳ್ಕೊಂಡು ಹೋಗೋಕೆ. ದಿನಕ್ಕೆ ಹತ್ತು ಗಂಟೆ ಅದ್ರಲ್ಲೇ ಕೂತು ಓದೋ, ಊಟ ಮಾಡೋ, ಜಗಳ ಆಡೋ, ನಿದ್ದೆ ಹೋಗೋ ಮಗುಗೆ ಅಂತ ಮಾಡಿದ್ದಲ್ಲ. ಜೋತು ಬಿದ್ದ ರೆಕ್ಸಿನ್ ಸೀಟಲ್ಲಿ ಸೊಂಟ ಮಧ್ಯಕ್ಕೆ ಕುಸಿಯತ್ತೆ, ತೊಡೆಗಳು ಒಳಗೆ ಒತ್ಕೊಳ್ಳತ್ತೆ, ಮಗು ಒಂದು ಮೊಣಕೈ ಊರ್ಕೊಂಡೇ ಕೂರತ್ತೆ, ಒಂದು ಕೈ ಹೀಗೆ ಊರುಗೋಲಾದ್ರೆ ಬರೆಯೋಕೆ ಉಳಿಯೋದು ಇನ್ನೊಂದೇ.

ಮಗುಗೆ ಅಂತ ಮಾಡೋ ಕುರ್ಚೀಲಿ ಸೀಟಿನ ಅಗಲ, ಉದ್ದ, ಬೆನ್ನಿನ ಎತ್ತರ, ಪಾದ ಇಡೋ ಪ್ಲೇಟಿನ ಎತ್ತರ, ಕೈಯಿಡೋ ಜಾಗ, ಚಕ್ರದ ಆಕ್ಸಲ್ ಎಲ್ಲಿ ಕೂರ್ಬೇಕು, ಇದೆಲ್ಲಾ ಅಡ್ಜಸ್ಟ್ ಆಗ್ಬೇಕು, ಯಾಕಂದ್ರೆ ಅದ್ರಲ್ಲಿ ಕೂರೋ ಪ್ರಾಣಿ ಬೆಳೀತಾ ಇರತ್ತೆ. ಆಕ್ಸಲ್ ಸ್ವಲ್ಪ ಮುಂದೆ ತಂದ್ರೆ ತಳ್ಳೋಕೆ ಹಗುರ ಆದ್ರೆ ಹಿಂದಕ್ಕೆ ಮಗುಚೋ ಅಪಾಯ ಜಾಸ್ತಿ, ಹಿಂದೆ ಹಾಕಿದ್ರೆ ಮಗುಚಲ್ಲ ಆದ್ರೆ ಪುಟ್ಟ ಭುಜಗಳಿಗೆ ಭಾರ. ಮಗು ತೂಕವೇ 15 ಕೆಜಿ ಇರೋವಾಗ ಕುರ್ಚಿನೂ 15 ಕೆಜಿ ಇದ್ರೆ ಹೇಗೆ, ನಾವೆಲ್ಲ ನಮ್ಮಷ್ಟೇ ತೂಕದ ಗಾಡಿ ದಿನವಿಡೀ ತಳ್ಕೊಂಡು ಓಡಾಡಿದ ಹಾಗೆ. ಅದಕ್ಕೇ ಅಲ್ಯೂಮಿನಿಯಂ, ಟೈಟಾನಿಯಂ ಫ್ರೇಮು. ಅದ್ರ ಮೇಲೆ ಕುಶನ್ನು, ಫೋಮ್ ಬೇಕಾ ಜೆಲ್ ಬೇಕಾ ಗಾಳಿ ತುಂಬಿದ್ದು ಬೇಕಾ ಅನ್ನೋದು ಮಗುಗೆ ಸ್ಪರ್ಶ ಗೊತ್ತಾಗತ್ತಾ, ತಾನಾಗೇ ಆಗಾಗ ಮೈ ಎತ್ತಿ ಕೂರೋಕಾಗತ್ತಾ ಅನ್ನೋದ್ರ ಮೇಲೆ. ಬೆನ್ನುಹುರಿ ತೊಂದ್ರೆ ಇರೋ ಮಗು, ಉದಾಹರಣೆಗೆ ಸ್ಪೈನಾ ಬೈಫಿಡಾ ಇರೋ ಮಗು, ಗಟ್ಟಿ ಸೀಟಲ್ಲಿ ಕೆಲವೇ ಗಂಟೆ ಕೂತ್ರೂ ಗಾಯ ಶುರು ಆಗ್ಬೋದು, ಆ ಗಾಯ ಆಳಕ್ಕಿಳಿದ್ರೆ ತಿಂಗಳುಗಟ್ಟಲೆ ಬೋರಲು ಮಲಗ್ಬೇಕು. ಇಷ್ಟು ಬಗೆ ಇದ್ಮೇಲೆ ಒಂದೇ ಥರದ್ದು ಲಕ್ಷ ಲಕ್ಷ ಮಾಡಿ ಅಗ್ಗಕ್ಕೆ ಮಾರೋಕಾಗಲ್ಲ, ಬೆಲೆ ಏರೋದಕ್ಕೆ ದೊಡ್ಡ ಕಾರಣ ಅದೇ.

ಯಾವ ಮಗುಗೆ ಏನು ಅನ್ನೋದನ್ನ ಕಮಿಟಿ ಕೂತು ತೀರ್ಮಾನ ಮಾಡೋದಲ್ಲ, ಮಾಡ್ಬಾರ್ದು ಕೂಡ. ಅದು ಫಿಸಿಯೋ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ (ಓಟಿ ಅಂತಾರೆ, ಊಟ, ಬರವಣಿಗೆ ಥರ ದಿನನಿತ್ಯದ ಕೆಲ್ಸಕ್ಕೆ ದಾರಿ ಮಾಡ್ಕೊಡೋರು) ಕೆಲ್ಸ. ಸೆರೆಬ್ರಲ್ ಪಾಲ್ಸಿ ಅಂತ ಎರಡೇ ಪದ ಬರೆದ ಅರ್ಜಿಯಿಂದ ಏನೂ ಗೊತ್ತಾಗಲ್ಲ, ಯಾಕಂದ್ರೆ ಅದೇ ಹೆಸ್ರಿನ ಕೆಳಗೆ ಓಡೋ ಮಗುನೂ ಇರತ್ತೆ, ಕತ್ತು ನಿಲ್ಲದ ಮಗುನೂ ಇರತ್ತೆ. 1997ರಲ್ಲಿ ರಾಬರ್ಟ್ ಪಾಲಿಸಾನೋ ಅವ್ರ ತಂಡ ಒಂದು ಅಳತೆಗೋಲು ಮಾಡಿದ್ರು, ಜಿಎಂಎಫ್‌ಸಿಎಸ್ ಅಂತಾರೆ, 1ರಿಂದ 5ರವರೆಗೆ ಲೆವೆಲ್. 1ನೇ ಲೆವೆಲ್ಲಿನ ಮಗು ಮೆಟ್ಟಿಲು ಹತ್ತತ್ತೆ, ಓಡತ್ತೆ, 5ನೇ ಲೆವೆಲ್ಲಿನ ಮಗುಗೆ ತಲೆ, ಬೆನ್ನು ಹಿಡಿದಿಟ್ಕೊಳ್ಳೋಕೂ ಸಹಾಯ ಬೇಕು. ಇದು ಗೊತ್ತಿದ್ರೆ ಮುಂದಿಂದೂ ಸ್ವಲ್ಪ ಕಾಣತ್ತೆ. ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟ ಆದ ಒಂದು ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿ ಇರೋ ಎಲ್ಲಾ ಮಕ್ಕಳನ್ನ ಸೇರಿಸಿ ನೋಡಿದ್ರೆ ಶೇ. 35ರಷ್ಟು ಮಕ್ಕಳಿಗೆ ಸೊಂಟದ ಕೀಲು ಜಾಗ ಬಿಟ್ಟು ಸರಿದಿತ್ತು, 1ನೇ ಲೆವೆಲ್ಲಲ್ಲಿ ಒಬ್ರಿಗೂ ಇಲ್ಲ, 5ನೇ ಲೆವೆಲ್ಲಲ್ಲಿ ಶೇ. 90. ಹಾಗಾಗಿ 5ನೇ ಲೆವೆಲ್ ಮಗುಗೆ ಸರಿಯಾದ ಸೀಟಿಂಗ್ ಕೇಳಿದ್ರೆ ಅದು ಸುಖಕ್ಕೆ ಕೇಳೋ ಸೋಫಾ ಥರ ಅಂತ ನೋಡೋಕಾಗಲ್ಲ.

ಇನ್ನೊಂದು, ಟೈಮ್. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಅಂತ ಒಂದಿದೆ, ಹೆಚ್ಚಾಗಿ ಗಂಡುಮಕ್ಕಳಲ್ಲಿ, ಸ್ನಾಯುಗಳು ವರ್ಷವರ್ಷಕ್ಕೂ ಸೋಲ್ತಾ ಹೋಗತ್ತೆ. ನಡೀತಿದ್ದ ಹುಡುಗ ಹದಿಹರೆಯಕ್ಕೆ ಕಾಲಿಡೋ ಹೊತ್ತಿಗೆ ನಡೆಯೋಕಾಗ್ದೆ ಕೂರ್ತಾನೆ, ಆಮೇಲೆ ಕೈ, ಆಮೇಲೆ ಉಸಿರಾಟದ ಸ್ನಾಯು. ಇವತ್ತು ಅರ್ಜಿ ಹಾಕಿದಾಗ ಕೈಯಲ್ಲಿ ಚಕ್ರ ತಳ್ಳೋಕಾಗ್ತಿದ್ದ ಹುಡುಗನಿಗೆ ಕುರ್ಚಿ ಬರೋ ಹೊತ್ತಿಗೆ ಜಾಯ್‌ಸ್ಟಿಕ್ ಬೇಕಾಗಿರತ್ತೆ, ಬ್ಯಾಟರಿ ಕುರ್ಚಿ ಬರೋ ಹೊತ್ತಿಗೆ ಅದು ಹಿಂದಕ್ಕೆ ವಾಲೋ ಟಿಲ್ಟ್ ಇರೋದು ಬೇಕಾಗಿರತ್ತೆ. ಇಂಥ ಫೈಲು ಮೂರು ತಿಂಗಳಿಗೊಂದು ಸಲ ಸೇರೋ ಕಮಿಟಿಗೋಸ್ಕರ ಕಾಯ್ಬಾರ್ದು. ಅದಕ್ಕೇ ಕೆಲವು ಚಾರಿಟಿಗಳು ಸಲಕರಣೇನ ಪೂರ್ತಿ ಕೊಡೋ ಬದ್ಲು ಒಂದಷ್ಟು ತಮ್ಮ ಹತ್ರಾನೇ ಇಟ್ಕೊಂಡು ಲೈಬ್ರರಿ ಪುಸ್ತಕದ ಥರ ಸಾಲಕ್ಕೆ ಕೊಡ್ತಾರೆ, ಬೇಕಾದಷ್ಟು ದಿನ ಇಟ್ಕೋ, ಅದು ಸಾಕಾಗದೆ ಹೋದಾಗ ವಾಪಸ್ ಕೊಟ್ಟು ಮುಂದಿಂದು ತಗೋ. ಬೆಳೆಯೋ ಮಕ್ಕಳ ಲೆಕ್ಕಕ್ಕೆ ಇದು ಬಹಳ ಜಾಣ ವ್ಯವಸ್ಥೆ ಅಂತ ನನ್ನ ಅಭಿಪ್ರಾಯ, ಆದ್ರೆ ಗೋಡೌನು, ಮೆಕ್ಯಾನಿಕ್ಕು, ತೊಳೆದು ಕ್ಲೀನ್ ಮಾಡೋರು ಬೇಕು, ಇವಕ್ಕೆಲ್ಲಾ ದುಡ್ಡು ಕೊಡೋ ದಾನಿ ಸಿಗೋದೇ ಅಪರೂಪ.

ಈಗ ಅರ್ಜಿ ಹಾಕೋರ ಕಡೆಯಿಂದ ನೋಡೋಣ. ಮನೆಯವ್ರು ಫೋನ್ ಮಾಡಿ ಕೇಳೋ ಮೊದಲ ಪ್ರಶ್ನೆ ಸಾಮಾನ್ಯವಾಗಿ "ದುಡ್ಡು ನಮ್ಮ ಅಕೌಂಟಿಗೆ ಯಾವಾಗ ಬರತ್ತೆ" ಅಂತ. ಬರಲ್ಲ. ಇಂಥ ಚಾರಿಟಿಗಳಲ್ಲಿ ಬಹುತೇಕ ದುಡ್ಡು ನೇರವಾಗಿ ಸಪ್ಲೈಯರಿಗೆ ಹೋಗತ್ತೆ, ಮನೆಯವ್ರ ಮೇಲೆ ಅನುಮಾನ ಅಂತಲ್ಲ, ಆಡಿಟಿಗೆ ಬಿಲ್ ಬೇಕು, ಜೊತೆಗೆ ಕಷ್ಟದಲ್ಲಿರೋ ಮನೆಗೆ ದುಡ್ಡು ಬಂದ್ರೆ ಅದು ಮೊದಲು ಬಾಡಿಗೆಗೆ ಹೋಗತ್ತೆ, ಹೋಗೋದು ಸಹಜಾನೂ ಹೌದು. ಬೇಕಾಗೋ ಕಾಗದ ಅಂದ್ರೆ ಥೆರಪಿಸ್ಟ್ ಪತ್ರ, ಸಪ್ಲೈಯರ್ ಕೊಟೇಶನ್, ಆದಾಯದ ದಾಖಲೆ, ವಯಸ್ಸಿನ ದಾಖಲೆ. ವಯಸ್ಸಿನ ಗೆರೆ ಕೆಲವು ಕಡೆ 18, ಕೆಲವು ಕಡೆ 25. 18ಕ್ಕೆ ಗೆರೆ ಎಳೆದಿರೋ ಕಡೆ ಹದಿನೇಳೂವರೆ ವರ್ಷದವ್ರ ಅರ್ಜಿ ಬಂದ್ರೆ ಎಲ್ರೂ ಕ್ಯಾಲೆಂಡರ್ ನೋಡ್ತಾರೆ, ಅದೊಂದು ವಿಚಿತ್ರ ಸಂಕಟ.

ಈ ಕಾಗದಗಳಲ್ಲಿ ಥೆರಪಿಸ್ಟ್ ಪತ್ರಾನೇ ಜೀವ. "ಈ ಮಗುವಿಗೆ ವೀಲ್‌ಚೇರ್ ಅವಶ್ಯಕತೆ ಇದೆ, ದಯವಿಟ್ಟು ಸಹಾಯ ಮಾಡಿ" ಅಂತ ಒಂದು ಸಾಲಿನ ಪತ್ರ ರಾಶಿ ರಾಶಿ ಬರ್ತಿತ್ತು. ಅದ್ರಿಂದ ಉಪಯೋಗ ಇಲ್ಲ. ಒಂದು ಸಲ ಒಬ್ರು ಓಟಿ ಬರೆದಿದ್ದು ನನಗೆ ಇನ್ನೂ ನೆನಪಿದೆ: ಈಗಿರೋ ಕುರ್ಚೀಲಿ 20 ನಿಮಿಷ ಆದ್ಮೇಲೆ ಎಡಕ್ಕೆ ವಾಲ್ತಾಳೆ, ಆಗ ಬಲಗೈ ಟೇಬಲ್ಲಿಗೆ ಎಟುಕಲ್ಲ, ಬರೆಯೋದು ನಿಲ್ಲತ್ತೆ, ಎರಡೂ ಪಕ್ಕ ಸಪೋರ್ಟ್ ಇಟ್ಟು ಟ್ರಯಲ್ ಮಾಡಿದಾಗ ಒಂದು ಗಂಟೆ ನೇರ ಕೂತಿದ್ಲು. ನಾಲ್ಕೇ ಸಾಲು. ಯಾವುದು ಸಾಲ್ತಿಲ್ಲ, ಯಾಕೆ ಸಾಲ್ತಿಲ್ಲ, ಹೊಸದ್ರಿಂದ ಏನು ಬದಲಾಗತ್ತೆ, ಟ್ರೈ ಮಾಡಿ ನೋಡಿದೀರಾ. ಕಮಿಟೀಲಿ ಯಾರೂ ಒಂದು ಪ್ರಶ್ನೆ ಕೇಳ್ಲಿಲ್ಲ, ಸೀದಾ ಸ್ಯಾಂಕ್ಷನ್. ಅರ್ಜಿ ಹಾಕೋ ಅಪ್ಪ ಅಮ್ಮಂದಿರಿಗೆ ನಾನು ಹೇಳೋದು ಇದೊಂದೇ, ಕಣ್ಣೀರಿನ ಕಥೆ ಬರೀಬೇಡಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಯಾವ ಯಾವ ಹೊತ್ತಲ್ಲಿ ಏನು ಆಗ್ತಿಲ್ಲ ಅಂತ ಬರೀರಿ.

ಆಮೇಲೆ ಕಮಿಟಿ ಕೇಳೋ ಇನ್ನೊಂದು ಪ್ರಶ್ನೆ, ಇದನ್ನ ಸರ್ಕಾರ ಅಥವಾ ಇನ್ಶೂರೆನ್ಸ್ ಕೊಡ್ಬೇಕಲ್ವಾ, ಅಲ್ಲಿ ಕೇಳಿದೀರಾ ಅಂತ. ಮನೆಯವ್ರಿಗೆ ಇದು ಅಲೆದಾಡಿಸೋ ಥರ ಕಾಣತ್ತೆ, ಬಾಗಿಲಿಂದ ಬಾಗಿಲಿಗೆ. ಕಾರಣ ಇಲ್ಲದಿಲ್ಲ. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಪ್ಪಂದ 2006ರಲ್ಲಿ ಬಂತು, 2008ರಲ್ಲಿ ಜಾರಿ ಆಯ್ತು, ಅದ್ರ 20ನೇ ವಿಧಿ ಓಡಾಟದ ಸಾಧನಗಳು ಕೈಗೆಟುಕೋ ಬೆಲೇಲಿ ಸಿಗೋ ಹಾಗೆ ಮಾಡ್ಬೇಕು ಅಂತ ಸಹಿ ಹಾಕಿದ ದೇಶಗಳಿಗೆ ಹೇಳತ್ತೆ. ಅಂದ್ರೆ ಕುರ್ಚಿ ಅನ್ನೋದು ಹಕ್ಕು, ಯಾರದ್ದೋ ಕರುಣೆ ಮೇಲೆ ನಿಂತಿರೋದಲ್ಲ. ಸರ್ಕಾರ ಕೊಡ್ಬೇಕಾದ್ದನ್ನೇ ಚಾರಿಟಿ ಸುಮ್ಮನೆ ಕೊಡ್ತಾ ಹೋದ್ರೆ ಸರ್ಕಾರಕ್ಕೆ ಜವಾಬ್ದಾರಿ ತಪ್ಪಿತು ಅಂತ ಖುಷಿನೇ ಆಗತ್ತೆ. ಇತ್ತ ಹಕ್ಕಿಗೋಸ್ಕರ ಹೋರಾಡ್ತಾ ಕೂತ್ರೆ ಮಗು ಬೆಳೆಯೋದು ನಿಲ್ಲಲ್ವಲ್ಲ. ಈ ಜಗ್ಗಾಟಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಾವು ಮಾಡ್ತಿದ್ದಿದ್ದು ಇಷ್ಟು, ಸರ್ಕಾರದಿಂದ ಬರೋ ಬೇಸಿಕ್ ಕುರ್ಚಿ ಬರ್ಲಿ, ಅದಕ್ಕೆ ಬೇಕಾದ ಕುಶನ್, ಸೈಡ್ ಸಪೋರ್ಟ್, ಹೆಡ್‌ರೆಸ್ಟ್ ನಾವು ಹಾಕ್ಸೋಣ. ಎಷ್ಟೋ ಚಾರಿಟಿಗಳು ಹೀಗೆ ಮೇಲಿನ ವ್ಯತ್ಯಾಸ ಮಾತ್ರ ತುಂಬ್ತಾರೆ, ಇಬ್ರು ಮೂವರು ಸೇರಿ ಒಂದೇ ಬಿಲ್ ಹಂಚ್ಕೊಳ್ಳೋದೂ ಉಂಟು.

ಲೆಕ್ಕ ಎಷ್ಟು ದೊಡ್ಡದು ಅಂತ ಒಂದು ಅಂದಾಜು ಬೇಕಲ್ಲ. ವೈಕಲ್ಯ ಇರೋ ಮಕ್ಕಳು ಜಗತ್ತಲ್ಲಿ ಹತ್ರ ಹತ್ರ 24 ಕೋಟಿ ಅಂತ ಯುನಿಸೆಫ್ 2021ರಲ್ಲಿ ಹೇಳ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಸಹಾಯಕ ಸಾಧನಗಳ ಬಗ್ಗೆ ಒಂದು ವರದಿ ತಂದ್ರು, ಕನ್ನಡಕದಿಂದ ಹಿಡಿದು ವೀಲ್‌ಚೇರ್‌ವರೆಗೆ ಏನಾದ್ರೂ ಒಂದು ಬೇಕಾಗಿರೋರು 250 ಕೋಟಿಗೂ ಹೆಚ್ಚು ಜನ, ಬೇಕಾದವ್ರಲ್ಲಿ ಎಷ್ಟು ಜನಕ್ಕೆ ಸಿಗ್ತಿದೆ ಅಂತ ನೋಡಿದ್ರೆ ಕೆಲವು ಶ್ರೀಮಂತ ದೇಶಗಳಲ್ಲಿ ಶೇ. 90, ಕೆಲವು ಬಡ ದೇಶಗಳಲ್ಲಿ ಶೇ. 3. ಈ ಅಂತರದ ಮುಂದೆ ವರ್ಷಕ್ಕೆ ಐವತ್ತು ಅರವತ್ತು ಕುರ್ಚಿ ಕೊಡೋ ಟ್ರಸ್ಟು ಸಮುದ್ರಕ್ಕೆ ಉಪ್ಪು ಹಾಕಿದ ಹಾಗೆ ಅನ್ಸತ್ತೆ, ಆ ಐವತ್ತು ಮನೆಗಳಲ್ಲಿ ಒಂದಕ್ಕೆ ಹೋಗಿ ಬಂದ್ರೆ ಹಾಗೆ ಅನ್ಸಲ್ಲ.

ಅಂತರ ಇಷ್ಟಿದೆ ಅಂದ್ಮೇಲೆ ಹಳೇ ಕುರ್ಚಿಗಳನ್ನ ಒಟ್ಟುಮಾಡಿ ಹಂಚ್ಬಿಟ್ರೆ ಆಯ್ತಲ್ಲ ಅನ್ನೋ ಮಾತು ಪ್ರತಿ ಮೀಟಿಂಗಲ್ಲೂ ಯಾರಾದ್ರೂ ಒಬ್ರು ಎತ್ತೇ ಎತ್ತಾರೆ. ಒಳ್ಳೆ ಮನಸ್ಸಿಂದಾನೇ ಹೇಳೋದು. ಆದ್ರೆ ತಾತ ತೀರಿಕೊಂಡ್ಮೇಲೆ ಉಳಿದ 18 ಇಂಚು ಅಗಲದ ಕುರ್ಚೀಲಿ 10 ಇಂಚು ಅಗಲದ ಸೀಟು ಬೇಕಾದ ಮಗುನ ಕೂರಿಸಿ ಅಕ್ಕಪಕ್ಕ ದಿಂಬು ತುರುಕಿದ್ರೆ ಅದು ಕುರ್ಚಿ ಆಗಲ್ಲ, ತೊಟ್ಟಿ ಆಗತ್ತೆ. ದೊಡ್ಡ ಆಸ್ಪತ್ರೆ ಯಂತ್ರಗಳದ್ದೂ ಇದೇ ಕಥೆ, ಬಡ ದೇಶಗಳ ಆಸ್ಪತ್ರೆಗಳಲ್ಲಿರೋ ಯಂತ್ರಗಳ ಲೆಕ್ಕ ಹಾಕಿ 2011ರಲ್ಲಿ ಪ್ರಕಟ ಮಾಡಿದ ಒಂದು ಅಧ್ಯಯನದಲ್ಲಿ ಸುಮಾರು ಶೇ. 40ರಷ್ಟು ಕೆಲಸ ಮಾಡ್ತಾನೇ ಇರ್ಲಿಲ್ಲ, ರಿಪೇರಿ ಮಾಡೋರಿಲ್ಲ, ಪಾರ್ಟ್ಸ್ ಇಲ್ಲ, ಕರೆಂಟ್ ಸರಿ ಇಲ್ಲ. ಕುರ್ಚಿ ವಿಷಯದಲ್ಲಿ ಪಾರ್ಟ್ಸ್ ಅಂದ್ರೆ ಮುಂದಿನ ಪುಟ್ಟ ಚಕ್ರದ ಬೇರಿಂಗು, ಟ್ಯೂಬು, ಬ್ರೇಕಿನ ಒಂದು ಸ್ಕ್ರೂ, ಇಂಥವೇ. ಒಂದು ಬೇರಿಂಗ್ ಹೋಗಿ ಎಂಟು ತಿಂಗಳು ಹುಡುಗಿ ಮನೇಲೇ ಕೂತಿದ್ದ ಕೇಸ್ ನಮ್ಮಲ್ಲೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2008ರ ಮಾರ್ಗಸೂಚೀಲಿ ವೀಲ್‌ಚೇರ್ ಸೇವೆಗೆ ಎಂಟು ಹೆಜ್ಜೆ ಅಂತ ಬರೆದಿದೆ, ಅದ್ರಲ್ಲಿ ದುಡ್ಡು ಹೊಂದಿಸಿ ಆರ್ಡರ್ ಹಾಕೋದು 4ನೇದು. ಅದಕ್ಕಿಂತ ಮುಂಚೆ ಮೂರು ಹೆಜ್ಜೆ ಆಗಿರ್ಬೇಕು, ಮಗು ಯಾರು, ಪರೀಕ್ಷೆ, ಯಾವ ಕುರ್ಚಿ ಅಂತ. ಆಮೇಲೆ ಇನ್ನೂ ನಾಲ್ಕಿದೆ, ಜೋಡಿಸೋದು, ಕೂರಿಸಿ ಫಿಟ್ ಮಾಡೋದು, ಬಳಸೋದು ಕಲಿಸೋದು, ಆಮೇಲಿನ ರಿಪೇರಿ ಮತ್ತು ಫಾಲೋಅಪ್ಪು. ನಾವು ಮೊದಲ ವರ್ಷ 4ನೇ ಹೆಜ್ಜೆ ಇಟ್ಟು ಫೋಟೋ ತೆಗೆಸ್ಕೊಂಡು ಮನೆಗೆ ಹೋಗಿದ್ವಿ.

ದಾನಿಗಳ ಬಗ್ಗೆ ಸ್ವಲ್ಪ ಹೇಳ್ಲೇಬೇಕು, ಬೈಯ್ಯೋಕೆ ಅಲ್ಲ. ಒಬ್ರು ಬಂದು "ಈ ದುಡ್ಡು ಕುರ್ಚಿಗೆ ಮಾತ್ರ, ಆಡಳಿತ ಖರ್ಚಿಗೆ ಒಂದು ಪೈಸೆ ಹೋಗ್ಬಾರ್ದು" ಅಂತ ಬರೆದು ಕೊಟ್ರೆ ಆ ದುಡ್ಡನ್ನ ಬೇರೆ ಯಾವುದಕ್ಕೂ ಮುಟ್ಟೋ ಹಾಗಿಲ್ಲ, ಚಾರಿಟಿ ಲೆಕ್ಕದಲ್ಲಿ ಅದು ಬೇರೆ ಡಬ್ಬಿ. ಆದ್ರೆ ಥೆರಪಿಸ್ಟ್ ಮನೆಗೆ ಹೋಗಿ ಅಳತೆ ತಗೊಂಡ್ರಲ್ಲ, ಅದು ಯಾವ ಡಬ್ಬಿ? ಆರು ತಿಂಗಳಾದ್ಮೇಲೆ ಫುಟ್‌ಪ್ಲೇಟ್ ಇಳಿಸೋಕೆ ಹೋದ್ರಲ್ಲ, ಅದು? ಪೇಪರಲ್ಲಿ ಅವೆಲ್ಲ ಆಡಳಿತ ಖರ್ಚು ಅಂತಾನೇ ಕಾಣ್ಬೋದು. ಹೀಗಾಗಿ ಕುರ್ಚಿಗೆ ದುಡ್ಡಿದೆ, ಅದನ್ನ ಮಗುಗೆ ಸರಿ ಮಾಡೋಕೆ ದುಡ್ಡಿಲ್ಲ ಅನ್ನೋ ಪರಿಸ್ಥಿತಿ ನಿಜವಾಗ್ಲೂ ಬರತ್ತೆ. ಬಟ್ಟೆ ತಂದುಕೊಟ್ಟು ಹೊಲಿಗೆ ಕೂಲಿ ಮಾತ್ರ ಕೊಡಲ್ಲ ಅಂದ ಹಾಗೆ. ಆಡಳಿತದ ಹೆಸ್ರಲ್ಲಿ ದುಡ್ಡು ತಿನ್ನೋರೂ ಇದ್ದಾರೆ, ದಾನಿಗಳ ಅನುಮಾನ ಗಾಳೀಲಿ ಹುಟ್ಟಿದ್ದಲ್ಲ, ಒಪ್ತೀನಿ. ಶೇಕಡಾ ಎಷ್ಟು ಆಡಳಿತಕ್ಕೆ ಹೋಯ್ತು ಅಂತ ಕೇಳೋದಕ್ಕಿಂತ, ಹೋದ ವರ್ಷ ಕೊಟ್ಟ ಕುರ್ಚಿಗಳಲ್ಲಿ ಇವತ್ತು ಎಷ್ಟು ಬಳಕೇಲಿದೆ ಅಂತ ಕೇಳಿ ನೋಡಿ. ಆ ಲೆಕ್ಕ ಇಟ್ಟಿರೋ ಸಂಸ್ಥೆ ತಕ್ಷಣ ಹೇಳತ್ತೆ, ಇಡದೆ ಇರೋದು ಫೋಟೋ ಆಲ್ಬಮ್ ತೆಗಿಯತ್ತೆ.

ಇನ್ನು ಆನ್‌ಲೈನ್ ಕ್ರೌಡ್‌ಫಂಡಿಂಗ್. ಬೇಗ ದುಡ್ಡಾಗತ್ತೆ, ನಿಜ. ಆದ್ರೆ ಅಲ್ಲಿ ಗೆಲ್ಲೋದು ಮುದ್ದು ಮುಖದ 4 ವರ್ಷದ ಮಗು. 16 ವರ್ಷದ, ಮೀಸೆ ಬರ್ತಿರೋ, ಮುಖ ಗಂಟಿಕ್ಕಿರೋ, ಜೊಲ್ಲು ಸುರಿಸೋ ಹುಡುಗನ ಫೋಟೋಗೆ ಯಾರೂ ಹಾರ್ಟ್ ಒತ್ತಲ್ಲ, ಅವನಿಗೆ ಬೇಕಾಗಿರೋ ಬ್ಯಾಟರಿ ಕುರ್ಚಿ ಆ ಮಗು ಕುರ್ಚಿಗಿಂತ ಎಷ್ಟೋ ಪಟ್ಟು ದುಬಾರಿ ಆಗಿದ್ರೂ. ಜೊತೆಗೆ, ಅಮ್ಮ ದುಡ್ಡಿಗೋಸ್ಕರ ತನ್ನ ಸ್ನಾನದ ಕಷ್ಟ ಎಲ್ಲಾ ಊರಿಗೇ ಬರೆದು ಹಾಕಿದ್ದನ್ನ ಅವನ ಕ್ಲಾಸ್‌ಮೇಟ್ಸ್ ಓದ್ತಾರೆ. ಕಮಿಟಿ ಅನ್ನೋದು ಎಷ್ಟೇ ಮಂದಗತಿ ಆದ್ರೂ ಅದ್ರ ಬಾಗಿಲು ಮುಚ್ಚಿರತ್ತೆ, ಮುಖ ನೋಡಿ ಮಣೆ ಹಾಕೋದು ಕಮ್ಮಿ, ಈ ಒಂದು ಕಾರಣಕ್ಕೆ ನಾನು ಇನ್ನೂ ಕಮಿಟಿ ಪರಾನೇ.

ಬ್ಯಾಟರಿ ಕುರ್ಚಿ ಅಂದ್ನಲ್ಲ, ಅದ್ರಲ್ಲಿ ಒಂದು ಹಳೇ ಭಯ ಇದೆ. ಚಿಕ್ಕ ಮಕ್ಕಳಿಗೆ ಕೊಟ್ರೆ ಸೋಮಾರಿ ಆಗ್ತಾರೆ, ನಡೆಯೋ ಪ್ರಯತ್ನಾನೇ ಬಿಡ್ತಾರೆ, ಗುದ್ಕೋತಾರೆ ಅಂತ. 1980ರ ದಶಕದಲ್ಲೇ ಅಮೆರಿಕದಲ್ಲಿ ಶಾರ್ಲೀನ್ ಬಟ್ಲರ್ ಅನ್ನೋ ಸಂಶೋಧಕಿ 2-3 ವರ್ಷದ ಮಕ್ಕಳೂ ಬ್ಯಾಟರಿ ಕುರ್ಚಿ ಓಡ್ಸೋದು ಕಲೀತಾರೆ ಅಂತ ತೋರಿಸಿದ್ರು. ಆಮೇಲೆ ಡೆಲವೇರ್ ವಿಶ್ವವಿದ್ಯಾಲಯದ ಕೋಲ್ ಗ್ಯಾಲೋವೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳು ಕೂತು ಓಡ್ಸೋ ಬ್ಯಾಟರಿ ಆಟಿಕೆ ಕಾರಿಗೆ ದೊಡ್ಡ ಸ್ವಿಚ್ಚು, ಪೈಪಿನ ಸಪೋರ್ಟು ಹಾಕಿ ಪುಟಾಣಿಗಳಿಗೆ ಕೊಡೋ ಕೆಲ್ಸ ಶುರು ಮಾಡಿದ್ರು, 'ಗೋ ಬೇಬಿ ಗೋ' ಅಂತ ಹೆಸ್ರು. ವಿಷ್ಯ ಇಷ್ಟೆ, ತಾನಾಗಿ ಜಾಗ ಬದಲಾಯಿಸೋಕೆ ಆಗೋ ಮಗು ಮಾತ್ರ 'ಅಲ್ಲೇನಿದೆ' ಅಂತ ಹೋಗಿ ನೋಡತ್ತೆ, ಬೇಡ ಅನ್ಸಿದ್ರೆ ಎದ್ದು ಹೋಗತ್ತೆ. ಸಿಟ್ಟು ಬಂದಾಗ ರೂಮಿಂದ ಹೊರಗೆ ಹೋಗೋಕಾಗೋದು ಎಷ್ಟು ದೊಡ್ಡ ಸ್ವಾತಂತ್ರ್ಯ ಅಂತ ನಮಗೆ ಗೊತ್ತಾಗಲ್ಲ, ಕಾಲಿದೆಯಲ್ಲ. ಮಾತಾಡೋ ಸಾಧನಗಳ ಬಗ್ಗೆನೂ ಇಂಥದ್ದೇ ಒಂದು ಭಯ ಇದೆ, ಮಷೀನ್ ಕೊಟ್ರೆ ಮಗು ಬಾಯಲ್ಲಿ ಮಾತಾಡೋದೇ ಇಲ್ಲ ಅಂತ. ಸಂಶೋಧನೆಗಳಲ್ಲಿ ಹಾಗೇನೂ ಕಂಡಿಲ್ಲ, ಕೆಲವು ಮಕ್ಕಳಲ್ಲಿ ಬಾಯಿ ಮಾತೇ ಸ್ವಲ್ಪ ಹೆಚ್ಚಾಗಿದೆ.

ಇಷ್ಟೆಲ್ಲಾ ಆದ್ಮೇಲೆ ನಾವು ನಮ್ಮ ಫಾರ್ಮ್ ಬದಲಾಯಿಸಿದ್ವಿ. ಸ್ಯಾಂಕ್ಷನ್ ಆದ ಮೊತ್ತದಲ್ಲೇ ಒಂದು ಭಾಗ ಎರಡು ವರ್ಷದ ರಿಪೇರಿಗೆ, ಮರು-ಫಿಟ್ಟಿಂಗಿಗೆ ಅಂತ ಎತ್ತಿಟ್ಟು ಉಳಿದದ್ರಲ್ಲಿ ಕುರ್ಚಿ ಕೊಡೋದು, ಅದ್ರಿಂದ ವರ್ಷಕ್ಕೆ ಕುರ್ಚಿ ಸಂಖ್ಯೆ ಕಮ್ಮಿ ಆಯ್ತು, ವಾರ್ಷಿಕ ವರದೀಲಿ ನೋಡೋಕೆ ಚೆನ್ನಾಗಿರ್ಲಿಲ್ಲ, ಒಬ್ರು ದಾನಿ ಬಿಟ್ಟೂ ಹೋದ್ರು. ಆರ್ಡರ್ ಹಾಕೋ ಹಿಂದಿನ ವಾರ ಅಳತೆ ಮತ್ತೊಂದು ಸಲ ತಗೋಬೇಕು ಅಂತ ರೂಲ್ ಮಾಡಿದ್ವಿ. ಆರು ತಿಂಗಳಿಗೆ ಒಂದು ಫಾಲೋಅಪ್ ಫಾರ್ಮ್, ಬ್ರೇಕ್ ಹಿಡಿಯತ್ತಾ, ಚರ್ಮ ಎಲ್ಲಾದ್ರೂ ಕೆಂಪಾಗಿದೆಯಾ, ಎರಡು ಬೆರಳು ಹೋಗತ್ತಾ. ಮೊದಲಿನ ಫಾರ್ಮಲ್ಲಿ ಎಲ್ಲಾ ಪ್ರಶ್ನೆನೂ ಅಪ್ಪ ಅಮ್ಮಂಗೆ ಇರ್ತಿತ್ತು, ಕೊನೇಲಿ ಒಂದು ಸಾಲು ಸೇರಿಸಿದ್ವಿ, ಕುರ್ಚೀಲಿ ಕೂರೋರು ಏನಾದ್ರೂ ಹೇಳೋದಿದ್ರೆ ಇಲ್ಲಿ ಬರೀರಿ ಅಂತ.

ಆ ಸಾಲಲ್ಲಿ ಬಂದ ಮೊದಲ ಉತ್ತರ ಒಬ್ಳು 14 ವರ್ಷದ ಹುಡುಗಿದು. ಕುರ್ಚಿ ಫಿಟ್ಟಿಂಗ್ ಪರ್ಫೆಕ್ಟು, ಬ್ರೇಕ್ ಪರ್ಫೆಕ್ಟು, ಅಮ್ಮ ಎಲ್ಲದಕ್ಕೂ ಟಿಕ್ ಹಾಕಿದ್ರು. ಕೆಳಗೆ ಇವ್ಳು ಬರೆದಿದ್ಲು: "ಹಿಂದಿನ ಹ್ಯಾಂಡಲ್ ತೆಗೆದು ಕೊಡಿ. ಎಲ್ರೂ ಕೇಳ್ದೆ ತಳ್ತಾರೆ." ಅಮ್ಮಂಗೆ ಮೆಟ್ಟಿಲ ಹತ್ರ ಹ್ಯಾಂಡಲ್ ಬೇಕೇ ಬೇಕು, ಇವ್ಳಿಗೆ ಸ್ಕೂಲಲ್ಲಿ ಬೇಡವೇ ಬೇಡ, ಮೀಟಿಂಗಲ್ಲಿ ಇದ್ರ ಮೇಲೆ ನಲವತ್ತು ನಿಮಿಷ ಚರ್ಚೆ ಆಯ್ತು, ಇಷ್ಟು ಹೊತ್ತು ನಾವು ಬ್ಯಾಟರಿ ಕುರ್ಚಿ ಬಗ್ಗೆನೂ ಮಾತಾಡಿರ್ಲಿಲ್ಲ. ಕೊನೆಗೆ ಮಡಚಿ ಕೆಳಗಿಳಿಸೋ ಥರದ ಹ್ಯಾಂಡಲ್ ಸಿಗತ್ತೆ ಅಂತ ಮೆಕ್ಯಾನಿಕ್ ಹೇಳಿದ್ರು, ರಿಪೇರಿ ದುಡ್ಡಲ್ಲಿ ಹಾಕ್ಸಿದ್ವಿ. ಮುಂದಿನ ಫಾರ್ಮಲ್ಲಿ ಅಮ್ಮ ಮತ್ತೆ ಎಲ್ಲದಕ್ಕೂ ಟಿಕ್ ಹಾಕಿದ್ರು, ಎರಡು ಬೆರಳಿನ ಪ್ರಶ್ನೆ ಮುಂದೆ ಮಾತ್ರ 'ಈಗ ಮೂರು' ಅಂತ ಬರೆದಿತ್ತು, ಅದು ಹುಡುಗಿ ಅಕ್ಷರ.